ಒದ್ದೆ ಪಂಚೆಯಲ್ಲಿ ನೀರಿನ ಪರೀಕ್ಷೆ

"ಈ ಮನೆ ನೀರನ್ನ ಕಾಯಿಸದೆ ಕುಡೀಬಹುದು ಅಂತ ಗೊತ್ತಾದ ದಿನ, ಮೊದಲನೇ ಲೋಟ ನಾನು ಕುಡೀತೀನಿ. ಅಲ್ಲೀವರೆಗೆ ನಿಮ್ಮನೇಲಿ ಕಾಫಿ ಕೂಡ ಬೇಡಮ್ಮ." ಚೆನ್ನೈನ ಮೈಲಾಪೂರಿನ ಜಾನಕಮ್ಮನಿಗೆ ಹರಿದಾಸರು ಹೀಗೆ ಮಾತು ಕೊಟ್ಟದ್ದು ೧೯೯೭ರಲ್ಲಿ. ಆವತ್ತು ಒಳಗಿನ ಮಂಚದ ಮೇಲೆ ಜಾನಕಮ್ಮನ ಮೊಮ್ಮಗಳು ಹರಿಪ್ರಿಯಾ, ಶಾಲೆಗೆ ಹೋಗುವ ಹುಡುಗಿ, ಕಾಮಾಲೆಯಿಂದ ಹಳದಿಗಟ್ಟಿ ಮಲಗಿದ್ದಳು.

ಈಗ ೨೦೦೭, ಧನುರ್ಮಾಸ. ಬೆಳಕು ಹರಿಯುತ್ತಿದೆ. ಅದೇ ಮನೆಯ ಹಿತ್ತಲಲ್ಲಿ ಹರಿದಾಸರು ಒದ್ದೆ ಪಂಚೆ ಉಟ್ಟು ನಡುಗುತ್ತ ನಿಂತಿದ್ದಾರೆ. ಇಕ್ಕಳದ ತುದಿಯಲ್ಲಿ ಸ್ಪಿರಿಟಿನಲ್ಲಿ ಅದ್ದಿದ ಹತ್ತಿ ಹೊತ್ತಿ ಉರಿಯುತ್ತಿದೆ. ಅದನ್ನು ನಲ್ಲಿಯ ಬಾಯಿಗೆ ಹಿಡಿದು ಸುತ್ತ ಸುಡುತ್ತಾರೆ. ನಲ್ಲಿಗೆ ಅಂಟಿದ ಕ್ರಿಮಿ ಸಾಯಬೇಕು, ಆಮೇಲೆ ಬರುವ ನೀರೇ ಸಾಕ್ಷಿ ಹೇಳಬೇಕು. ನೀರು ಪೂರೈಕೆಯ ಪ್ರಯೋಗಾಲಯಕ್ಕೆ ಊರ ನಲ್ಲಿಗಳಿಂದ ಮಾದರಿ ತರುವ ಕೆಲಸ ಇವರದು. ಊರು ಸುತ್ತುವಾಗ ಹೆಗಲಲ್ಲಿ ಐಸ್ ತುಂಬಿದ ಡಬ್ಬ, ಕೈಯಲ್ಲಿ ಬಸ್ ಪಾಸು. ಇವತ್ತು ಇಲ್ಲಿಂದ ಪುರಸೈವಾಕ್ಕಂಗೆ ಓಡಬೇಕು.

"ಜನ ನನ್ನ ನೋಡಿದ ತಕ್ಷಣ ನೀರಿನ ಲಾರಿ ಯಾವಾಗ ಬರತ್ತೆ ಅಂತಾರೆ," ಎಂದು ನಗುತ್ತಾರೆ. "ನೀರೇ ಇಲ್ಲದ ವರ್ಷ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ. ಆಗಲೂ ಬಾಟ್ಲಿ ಹಿಡ್ಕೊಂಡು ಹೋಗ್ತಿದ್ದೆ. ಏನಯ್ಯಾ, ಗಾಳೀನ ಟೆಸ್ಟ್ ಮಾಡ್ತೀಯಾ ಅಂತ ಗೇಲಿ ಮಾಡೋರು."

ಗೇಲಿ ಅವರಿಗೆ ಹೊಸದಲ್ಲ. ಕಾಡುತ್ತಿದ್ದದ್ದು ಜಾನಕಮ್ಮನ ಮನೆ. ಬೀದಿ ಬದಿಯ ನಲ್ಲಿಯಲ್ಲಿ ಪ್ರತಿ ಸಲವೂ ನೀರು ಚೊಕ್ಕ. ಮದ್ದಿನ ಹನಿ ಬಿಟ್ಟರೆ ಕೂಡಲೇ ಹಳದಿ ಬಣ್ಣ ಬರುತ್ತದೆ, ಅಂದರೆ ಕ್ಲೋರಿನ್ ಇದೆ, ಭಯವಿಲ್ಲ. ಆದರೂ ಆ ಮನೆಯಲ್ಲಿ ಒಬ್ಬರಲ್ಲ ಒಬ್ಬರಿಗೆ ವಾಂತಿ ಭೇದಿ ತಪ್ಪಿದ್ದಲ್ಲ. ಹರಿದಾಸರು ಬರುತ್ತಾರೆ, ಪರೀಕ್ಷಿಸುತ್ತಾರೆ, ಕಾಫಿ ಮುಟ್ಟದೆ ಹೋಗುತ್ತಾರೆ. "ನಮ್ಮ ಶಪಥದ ಸ್ವಾಮಿಗಳು ಬಂದರು," ಎಂದು ಜಾನಕಮ್ಮ ಹಂಗಿಸುತ್ತಾರೆ. ಹೀಗೇ ವರ್ಷಗಳು ಕಳೆದವು.

ಗಂಟು ಬಿಚ್ಚಿದ್ದು ಹರಿಪ್ರಿಯಾ. ಮದುವೆಯಾಗಿ ಬೆಸೆಂಟ್ ನಗರಕ್ಕೆ ಹೋದ ಆಕೆ ಈಗ ತುಂಬು ಬಸುರಿ. ಕಾಮಾಲೆಯ ಕಥೆ ಗೊತ್ತಿದ್ದ ಅತ್ತೆ ಖಂಡಿತವಾಗಿ ಹೇಳಿಬಿಟ್ಟರು: ಆ ಮನೆಯ ನೀರು ಸರಿಯಾಗದೆ ಬಾಣಂತನಕ್ಕೆ ಕಳಿಸುವುದಿಲ್ಲ. ಮೊಮ್ಮಗಳ ಬಾಣಂತನ ತನ್ನ ಕೈಯಿಂದಲೇ ಆಗಬೇಕೆಂದು ಕಾದಿದ್ದ ಜಾನಕಮ್ಮನಿಗೆ ಊಟ ಸೇರದಾಯಿತು. ಅಕ್ಟೋಬರಿನ ಮಳೆಗೆ ಮುಂಚೆ ಒಂದು ದಿನ ನೋಡಲು ಬಂದ ಹರಿಪ್ರಿಯಾ, ಬೀದಿ ನಲ್ಲಿಯ ಮುಂದೆ ಕೂತಿದ್ದ ಹರಿದಾಸರನ್ನು ಕಂಡು ಬೆರಗಾದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಅರ್ಧ ತಮಿಳು. "ಮಾಮಾ, ಈ ನೀರು ಯಾರು ಕುಡೀತಾರೆ? ಇದು ಪಾತ್ರೆ ತೊಳೆಯಕ್ಕೆ ಮಟ್ಟುಂ, ಅಷ್ಟೇ. ಕುಡಿಯೋದು ಅಜ್ಜಿದು, ಪಾಟಿಯ ಮಡಿ ಪಂಪ್‌ದು!"

ಹರಿದಾಸರು ಬಾಟಲಿ ಕೆಳಗಿಟ್ಟು ಹಿತ್ತಲ ಕಡೆ ಇಣುಕಿದರು.

ಹಿತ್ತಲಿನ ಗುಂಡಿಯಲ್ಲಿ ಒಂದು ಕೈಪಂಪು. ಬೀದಿಯ ಅದೇ ಪೈಪಿನಿಂದ ನೀರೆಳೆಯುತ್ತದೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿರುವವರನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. "ನಾನೂ ಮಾಧ್ವರ ಮನೆಯವನೇ. ಊರಿನ ನಲ್ಲಿಯೆಲ್ಲಾ ಮುಟ್ಟಿ, ಪ್ಯಾಂಟ್ ಹಾಕ್ಕೊಂಡು ಮಡಿ ಪಂಪಿನ ಹತ್ತಿರ ಹೋಗೋದುಂಟಾ? ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ," ಎನ್ನುತ್ತಾರೆ ಹರಿದಾಸರು.

"ಮಡಿ ನೀರಿಗೂ ಪರೀಕ್ಷೆಯಾ?" ಎಂದು ಜಾನಕಮ್ಮ ಕೆರಳಿದರು. ಆಮೇಲೆ ಮೊಮ್ಮಗಳ ಹೊಟ್ಟೆ ನೋಡಿ ಇಳಿದರು. "ಶರಿ. ಸ್ನಾನ ಮಾಡಿ ಒದ್ದೆ ಪಂಚೇಲಿ ಬಾ." ಹರಿದಾಸರು ಹಾಗೇ ಹೋದರು. ಹನಿ ಬಿಟ್ಟರು. ಬಣ್ಣ ಬರಲೇ ಇಲ್ಲ. ಬಗ್ಗಿ ನೋಡಿದರೆ ಬಚ್ಚಲ ನೀರು ಜಿನುಗಿ ಗುಂಡಿಗೆ ಸೇರುತ್ತಿದೆ, ಪೈಪಿನ ಬೆಸುಗೆ ಸಡಿಲವಾಗಿದೆ. ಬೀದಿ ಪೈಪಿನಲ್ಲಿ ನೀರು ಬರುವುದು ನಿಂತಾಗ ಪಂಪು ಹೊಡೆದರೆ ಆ ಕೊಳೆಯೆಲ್ಲ ಒಳಕ್ಕೆ. ಮನೆಗೆಲ್ಲ ಮಡಿಯಾದ ನೀರೇ ಮನೆಗೆಲ್ಲ ರೋಗ ಹಂಚಿತ್ತು.

ಪಂಪು ಕಿತ್ತು, ಗುಂಡಿಗೆ ಕಾಂಕ್ರೀಟ್ ತುಂಬಿ, ಹೊಸ ಪೈಪೆಳೆದು, ನೆಲದಿಂದ ಮೇಲಕ್ಕೆ ಒಂದು ಹಿತ್ತಾಳೆ ನಲ್ಲಿ ಕೂರಿಸಿದರು. ಹೊಸ ನಲ್ಲಿ ಮಡಿಗೆ ಬರುತ್ತದೆಯೇ ಎಂಬ ಚಿಂತೆಯನ್ನು ಜಾನಕಮ್ಮನೇ ಬಗೆಹರಿಸಿಕೊಂಡರು. "ಅಗ್ನೀಲಿ ಸುಟ್ಟು ನೀರು ಹಿಡೀತಾನಪ್ಪಾ ಈ ಹುಡುಗ. ಅದಕ್ಕಿಂತ ಮಡಿ ಯಾವುದು?" ಹುಡುಗನಿಗೆ ನಿವೃತ್ತಿ ಹತ್ತಿರ.

ಅಲ್ಲಿಂದೀಚೆಗೆ ತೆಗೆದ ಮಾದರಿಗಳೆಲ್ಲ ಚೊಕ್ಕವಾಗಿ ಬಂದಿವೆ, ಕೊನೆಯ ವರದಿ ನಿನ್ನೆ ಕೈ ಸೇರಿದೆ. ಹರಿಪ್ರಿಯಾ ಸಂಜೆ ಬರುತ್ತಾಳೆ. ಹರಿದಾಸರು ಗಾಜಿನ ನಳಿಕೆಗೆ ಹನಿ ಬಿಟ್ಟು ಬೆಳಕಿಗೆ ಹಿಡಿಯುತ್ತಾರೆ. ತಿಳಿ ಹಳದಿ. ಜಾನಕಮ್ಮ ಕಂಬಕ್ಕೆ ಒರಗಿ ಉಸ್ಸೆಂದು ಕೂರುತ್ತಾರೆ.

"ಬಸುರಿ ಹುಡುಗಿಗೆ ಮಾತ್ರ ಕಾಯಿಸಿಯೇ ಕೊಡಿ," ಎನ್ನುತ್ತಾರೆ ಹರಿದಾಸರು.

"ಅದು ನೀನು ಹೇಳಿಕೊಡಬೇಕಾ? ಮೊದಲು ನಿನ್ನ ಲೋಟ ಹಿಡಿ. ಎತ್ತಿ ಕುಡಿ, ಎಂಜಲು ಮಾಡಬೇಡ."

ದೊಡ್ಡ ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಹರಿದಾಸರು ಒಳಗಿನಿಂದ ಬರುವ ಡಿಕಾಕ್ಷನ್ ವಾಸನೆಯ ಕಡೆ ತಿರುಗುತ್ತಾರೆ. "ಹತ್ತು ವರ್ಷದಿಂದ ವಾಸನೆ ಮಾತ್ರ ಕುಡಿದಿದ್ದೀನಿ."

ನಲ್ಲಿ ತಿರುಗಿಸಿ ಲೋಟ ತುಂಬಿಸಿಕೊಳ್ಳುತ್ತಾರೆ. ಎತ್ತಿ, ತುಟಿಗೆ ತಾಗಿಸದೆ, ಪೂರ್ತಿ ಕುಡಿಯುತ್ತಾರೆ. ಕೊಟ್ಟ ಮಾತು ನಡೆಯಿತು.