ಉಂಡು ಹೊರಟ ಕೌದಿ

ನಮ್ಮೂರು ನವಲಿಯ ಹೊಳಿಯಮ್ಮ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ ಹೊದ್ದೇ ನಮ್ಮ ಓಣಿಯ ಮಕ್ಕಳೆಲ್ಲ ಬೆಳೆದರು. ಬರಬರುತ್ತ ಎಲ್ಲರೂ ಪೇಟೆಯ ಬ್ಲಾಂಕೆಟ್ಟಿಗೆ ಬಿದ್ದು, ಆಕೆಯ ಸೂಜಿ ತುಕ್ಕು ಹಿಡಿಯುತ್ತಿತ್ತು. ಆನ್‌ಲೈನ್ ಅಂಗಡಿ ತೆರೆಯೋಣವೆಂದು ಹುರಿದುಂಬಿಸಿದವನು ನಾನು. ನಾನು ಕಲಿಸುವ ಶಾಲೆಯ ಕೆಟ್ಟ ಪ್ರಿಂಟರ್ ಒಮ್ಮೆ ನನ್ನ ಕೈ ತಗುಲಿ ಚಾಲೂ ಆಗಿತ್ತು. ಅಂದಿನಿಂದ ಊರಿಗೆ ನಾನೇ ಕಂಪ್ಯೂಟರ್ ಪಂಡಿತ. ಆ ತಪ್ಪು ಕಲ್ಪನೆಯನ್ನು ತಿದ್ದುವ ಮನಸ್ಸು ನನಗೂ ಬಂದಿಲ್ಲ.

2019ರ ದೀಪಾವಳಿ ಮುಗಿದ ಮೇಲೆ ಕೌದಿಯನ್ನು ಕಟ್ಟೆಯ ಮೇಲೆ ಹರವಿ ಫೋಟೊ ಹೊಡೆದೆ. ಮೊದಲ ಮೂರರಲ್ಲಿ ನಡುವೆ ನುಗ್ಗಿದ ಆಡೇ ಚೆನ್ನಾಗಿ ಬಂದಿತ್ತು. ನಾಲ್ಕನೆಯದನ್ನು ಅಂಗಡಿಗೆ ಏರಿಸಿ, ಕೆಳಗೆ ಜಾಣತನದಿಂದ ಬರೆದೆ: ‘ಅಪ್ಪಟ ಹತ್ತಿ ಬಟ್ಟೆ. ಒಳಗೆ ಬೇರೇನೂ ಇಲ್ಲ.’

ಹನ್ನೆರಡನೆಯ ದಿನ ಮೈಸೂರಿನ ಶ್ವೇತಾ ಎಂಬುವರು ಒಂದು ಕೊಂಡರು. ಹೊಳಿಯಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಕೌದಿ ಅವರಿಗೆ ಮುಟ್ಟಿದ ದಿನವೇ ಸಂದೇಶ ಬಂತು: ‘ಮೂಲೆಯಲ್ಲಿ ಏನೋ ಗಟ್ಟಿಯಾಗಿದೆ, ಒತ್ತಿದರೆ ಪುಡಿಯಾಗುತ್ತದೆ. ವಾಪಸ್ ಕಳಿಸಲೇ?’

ಓಡಿದೆ.

“ಹೊಳಿಯವ್ವಾ, ಮೂಲ್ಯಾಗ ಏನಿಟ್ಟೀಯವಾ?”

“ರೊಟ್ಟಿ ಚೂರ್ರಿ ಮಾಸ್ತರ. ಕಡೀ ಹೊಲಿಗಿ ಹಾಕೂಮುಂದ ಕೌದಿಗಿ ಉಣಸಬೇಕಲ್ರಿ? ಹಸದ ಕೌದಿ ಹೊತ್ಕೊಂಡ್ರ ನಿದ್ದಿ ಹತ್ತತೈತೇನು?”

ನಲವತ್ತೆಂಟು ವರ್ಷ ಕೌದಿ ಹೊದ್ದು ಗೊರಕೆ ಹೊಡೆದವನಿಗೆ ಅದರ ಊಟದ ಸುದ್ದಿಯೇ ಗೊತ್ತಿರಲಿಲ್ಲ.

“ತಪ್ಪಾತು ಅಂತ ಬರದುಬಿಡೂನು. ಇನ್ನ ಮ್ಯಾಲ ರೊಟ್ಟಿ ಬ್ಯಾಡ.”

“ಹಂಗಾರ ಅಂಗಡಿನೂ ಬ್ಯಾಡ. ಉಪಾಸ ಇರೂ ಕೌದಿ ನಾ ಮಾರಂಗಿಲ್ರಿ. ಫೋನ್ ಹಚ್ರಿ, ನಾನ ಹೇಳ್ತೀನಿ.”

ಹಚ್ಚಿದೆ. ಅಂಗಡಿ ಮುಚ್ಚಿತೆಂದು ಕಣ್ಣೂ ಮುಚ್ಚಿಕೊಂಡೆ.

“ಯವ್ವಾ, ಅದು ರೊಟ್ಟಿವಾ. ನಿನ್ನ ಕೌದಿ ಉಂಡ ಬಂದೈತಿ. ಒಳಗ ಏನೂ ಇಲ್ಲಂತ ಬರದಾವ್ರು ನಮ್ಮ ಮಾಸ್ತರ. ಪಾಪ, ಅವ್ರಿಗಿ ಸೂಜಿಗಿ ದಾರ ಪೋಣ್ಸಾಕೂ ಬರಂಗಿಲ್ಲ.”

ಆ ಕಡೆ ನಗು, ನಿಲ್ಲದ ನಗು.

“ಇಟ್ಕೋತೀನಮ್ಮ. ನನ್ನ ಪಾಪುಗೂ ಒಂದು ಚಿಕ್ಕದು ಹೊಲ್ಕೊಡಿ. ಅದಕ್ಕೇನು ಉಣ್ಣಿಸ್ತೀರಾ?”

“ಸಣ್ಣ ಕೌದಿಗಿ ಹಲ್ಲೆಲ್ಲಿ ಇರ್ತಾವವಾ? ಚುರಮರಿ ಸಾಕು.”

ಹೊಳಿಯಮ್ಮ ಸೂಜಿ ಹುಡುಕಹೋದಳು. ನಾನು ಅಲ್ಲೇ ಕೂತು ಅಂಗಡಿಯ ಬರಹ ತಿದ್ದಿ, ಗಟ್ಟಿಯಾಗಿ ಓದಿದೆ: “ಅಪ್ಪಟ ಹತ್ತಿ ಬಟ್ಟೆ. ಒಳಗೆ ಒಂದು ತುತ್ತು ರೊಟ್ಟಿ.”

ಒಳಗಿನಿಂದ ಕೂಗು ಬಂತು: “ಜ್ವಾಳದ ರೊಟ್ಟಿ ಅಂತ ಬರೀರಿ ಮಾಸ್ತರ! ನಾಳಿ ಯಾರರ ಗೋದಿದು ಅನಕೊಂಡಾರು!”