ಹತ್ತು ನಿಮಿಷ ಮುಂದಿದ್ದ ಸರ್ವರ್

ಒಂದು ಕಚೇರಿಯ ಗಡಿಯಾರ ಸರಿಮಾಡಲು ಹೋಗಿ ಒಬ್ಬ ಹೆಣ್ಣುಮಗಳ ಬಸ್ಸು ತಪ್ಪಿಸಿದವನು ನಾನು. ಒಂದು ಬಸ್ಸು ಹೋದರೆ ಇನ್ನೊಂದು ಬರುತ್ತದೆ ಬಿಡಿ ಎನ್ನುವವರು ಹೊನ್ನಾಳಿಯಿಂದ ಸಾಸ್ವೆಹಳ್ಳಿ ಕಡೆಯ ಒಳಹಳ್ಳಿಗಳಿಗೆ ದಿನಾ ಓಡಾಡಿದವರಲ್ಲ. ಆ ಬಸ್ಸು ತಪ್ಪಿದರೆ ಆಕೆಯ ಮನೆಯಲ್ಲಿ ಹೊಸದಾಗಿ ಈದಿದ್ದ ಎಮ್ಮೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ದಿನಾ ತಪ್ಪಿದರೆ ಆಕೆ ಕೆಲಸವನ್ನೇ ಬಿಡಬೇಕಿತ್ತು. ಇದೆಲ್ಲ ನನಗೆ ತಿಳಿದದ್ದು ಗಡಿಯಾರ ಸರಿಮಾಡಿ, ಶಹಬ್ಬಾಸ್ ಅನ್ನಿಸಿಕೊಂಡು, ಚಹಾ ಕುಡಿದ ಮೇಲೆ.

ನನ್ನದು ಜಗಳೂರಿನಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಒಂದು ಮೇಜು, ಒಂದು ಬೀರು ಮತ್ತು ನನ್ನ ಸಿಟ್ಟು ಎನ್ನಬೇಕು. ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ ‘ಏನೂ ಮಾಡಿಲ್ಲ ಸಾರ್, ತಾನೇ ಕೆಟ್ಟೋತು’ ಎನ್ನುವವರನ್ನು ಇಪ್ಪತ್ತು ವರ್ಷ ನೋಡಿದವನಿಗೆ ತಾಳ್ಮೆ ಉಳಿಯುವುದು ಕಷ್ಟ. ಪರದೆಯ ಮೇಲೆ ಏನು ಬಂದಿದೆಯೋ ಅದನ್ನು ಪೂರ್ತಿ ಓದಿ ಅಂತ ಎಲ್ಲರಿಗೂ ಬೈಯುತ್ತೇನೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊನ್ನಾಳಿಯ ಆ ಕಚೇರಿ ಜಮೀನು ಅಳೆದು ನಕ್ಷೆ ಬರೆದುಕೊಡುವ ಖಾಸಗಿ ಕಚೇರಿ. ಚನ್ನಗಿರಿ, ನ್ಯಾಮತಿ, ಜಗಳೂರುಗಳಲ್ಲಿ ಅದಕ್ಕೆ ಒಂದೊಂದು ಕೋಣೆಯ ಶಾಖೆಗಳಿವೆ. ಯಜಮಾನರು ಎಪ್ಪತ್ತರ ಹತ್ತಿರದವರು, ಸರಪಳಿ ಹಿಡಿದು ಹೊಲ ಅಳೆದ ಕಾಲದವರು. ಹಳೆಯ ಕೈನಕ್ಷೆಗಳೆಲ್ಲ ಸ್ಕ್ಯಾನ್ ಆಗಿದ್ದರೂ ಅವು ಊರಿಂದೂರಿಗೆ ಹೋಗುತ್ತಿದ್ದುದು ಪೆನ್‌ಡ್ರೈವಿನಲ್ಲಿ, ಅಳತೆಗೆ ಹೋಗುವವರ ಬುತ್ತಿಚೀಲದೊಳಗೆ. ಒಮ್ಮೆ ಚನ್ನಗಿರಿಯ ಹನ್ನೆರಡು ಅಡಿಕೆ ತೋಟಗಳ ನಕ್ಷೆ ನ್ಯಾಮತಿಗೆ ಹೋಗಿ ಮೊಸರನ್ನದಲ್ಲಿ ನೆನೆದು ವಾಪಸು ಬಂತು. ಆವತ್ತೇ ಯಜಮಾನರು ನನಗೆ ಫೋನು ಮಾಡಿದ್ದು. ಎಲ್ಲ ನಕ್ಷೆಯೂ ಒಂದೇ ಕಡೆ ಇರಬೇಕು, ನಾಲ್ಕೂ ಊರಿಗೆ ಸಿಗಬೇಕು ಎಂದರು.

ಅದಕ್ಕಾಗಿ ನಾಲ್ಕು ಡಿಸ್ಕು ಕೂರುವ, ನೆಟ್‌ವರ್ಕಿಗೆ ಸಿಕ್ಕಿಸುವ ಒಂದು ಸ್ಟೋರೇಜ್ ಪೆಟ್ಟಿಗೆ ತರಿಸಿದೆ. ಗಾತ್ರದಲ್ಲಿ ಎರಡು ಇಟ್ಟಿಗೆ ಜೋಡಿಸಿದಷ್ಟು. ಅದನ್ನು ಕಚೇರಿಯ ಸರ್ವರ್ ನಡೆಸುವ ಡೊಮೈನಿಗೆ ಸೇರಿಸಬೇಕಿತ್ತು. ಡೊಮೈನ್ ಎಂದರೆ ಕಷ್ಟದ್ದೇನಲ್ಲ. ಮನೆಗೆ ಯಾರ್ಯಾರು ಸೇರಿದವರು, ಯಾರು ಯಾವ ಕೋಣೆಗೆ ಹೋಗಬಹುದು ಎಂದು ಸರ್ವರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಪೆಟ್ಟಿಗೆಯೂ ಆ ಪಟ್ಟಿಗೆ ಸೇರಿದರೆ ಸರ್ವರ್ ಹೇಳಿದವರಿಗೆ ಮಾತ್ರ ನಕ್ಷೆ ಕೊಡುತ್ತದೆ, ಉಳಿದವರನ್ನು ಹೊಸಿಲಲ್ಲೇ ನಿಲ್ಲಿಸುತ್ತದೆ. ಅರ್ಧ ತಾಸಿನ ಕೆಲಸ ಎಂದು ಬಾಯಿಬಿಟ್ಟು ಹೇಳಿಬಿಟ್ಟಿದ್ದೆ.

ಕಚೇರಿಯ ಬೀಗ ತೆಗೆದು, ಸರ್ವರ್ ಶುರುಮಾಡಿ ನನ್ನನ್ನು ಒಳಗೆ ಕರೆದದ್ದು ನಕ್ಷೆ ಬರೆಯುವ ಆ ಹೆಣ್ಣುಮಗಳು. ವಯಸ್ಸು ಮೂವತ್ತೈದರ ಸುಮಾರು. ಹಳೆಯ ನಕ್ಷೆಯಲ್ಲಿ ಗಡಿಯ ಬಾಂದುಕಲ್ಲು ಎಲ್ಲಿದೆ, ಕಾಲುದಾರಿ ಯಾವುದು ಎಂದು ಬರಿಗಣ್ಣಿನಲ್ಲಿ ಹೇಳಬಲ್ಲವರು ಅಲ್ಲಿ ಯಜಮಾನರನ್ನು ಬಿಟ್ಟರೆ ಆಕೆಯೊಬ್ಬಳೇ. ನನಗೆ ಕುರ್ಚಿ ಕೊಟ್ಟು ತನ್ನ ಕೆಲಸಕ್ಕೆ ಕೂತಳು.

ನಾನು ಪೆಟ್ಟಿಗೆಗೆ ಡೊಮೈನಿನ ಹೆಸರು, ಸರ್ವರಿನ ವಿಳಾಸ, ಪಾಸ್‌ವರ್ಡ್ ಎಲ್ಲ ಕೊಟ್ಟೆ. ಸೇರಲಿಲ್ಲ. ಪಾಸ್‌ವರ್ಡ್ ತಪ್ಪಿರಬೇಕೆಂದು ಮತ್ತೆ ಹೊಡೆದೆ. ವೈರ್ ಬದಲಿಸಿದೆ. ಪೆಟ್ಟಿಗೆ ಆರಿಸಿ ಹಚ್ಚಿದೆ. ಪ್ರತಿ ಸಲವೂ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲು ಬರುತ್ತಿತ್ತು, ಮೊದಲ ಸಾಲಿನಲ್ಲಿ ‘ಆಗಲಿಲ್ಲ’ ಎಂದಿದ್ದುದನ್ನು ನೋಡಿ ನಾನು ಮುಚ್ಚಿಬಿಡುತ್ತಿದ್ದೆ. ಹನ್ನೆರಡರ ಹೊತ್ತಿಗೆ ಪೆಟ್ಟಿಗೆ ಮಾಡಿದವರನ್ನೂ, ಕರೆಂಟಿನವರನ್ನೂ ಬೈದಾಗಿತ್ತು. ಯಜಮಾನರು ಎರಡು ಸಲ ಬಂದು ಇಣುಕಿ ಏನೂ ಕೇಳದೆ ಹೋದರು. ಕೇಳಿದ್ದರೆ ಕಡಿಮೆ ಅವಮಾನವಾಗುತ್ತಿತ್ತು.

‘ಒಂದೂವರೆ ಆತು ಅಣ್ಣಾ, ಉಣ್ಣಾಕೆ ಏಳ್ರಿ’ ಎಂದಳು ಆಕೆ. ‘ಆ ಪೆಟ್ಟಿಗೆ ಎಲ್ಲಿಗೂ ಓಡಿ ಹೋಗಲ್ಲ.’

ನಾನು ಮೊಬೈಲ್ ನೋಡಿದೆ. ‘ಒಂದೂವರೆ ಎಲ್ಲೈತೆ ಮೇಡಂ? ಇನ್ನೂ ಒಂದು ಇಪ್ಪತ್ತು.’

ಆಕೆ ತನ್ನ ಕಂಪ್ಯೂಟರಿನ ಮೂಲೆ ತೋರಿಸಿದಳು. ಒಂದೂವರೆ. ಪಕ್ಕದ ಕಂಪ್ಯೂಟರಿನಲ್ಲೂ ಒಂದೂವರೆ, ಗೋಡೆಯ ಗಡಿಯಾರದಲ್ಲೂ ಒಂದೂವರೆ. ಆಗ ನಾನು ಬೆಳಿಗ್ಗೆಯಿಂದ ಮುಚ್ಚುತ್ತಿದ್ದ ಮೂರು ಸಾಲನ್ನು ಪೂರ್ತಿ ಓದಿದೆ. ಮೂರನೆಯ ಸಾಲಿನಲ್ಲಿ ಸ್ಪಷ್ಟವಾಗಿ ಇತ್ತು, ನಿಮ್ಮಿಬ್ಬರ ಗಡಿಯಾರ ಹೊಂದುತ್ತಿಲ್ಲ ಎಂದು. ಡೊಮೈನಿಗೆ ಇದೊಂದು ಕಟ್ಟುನಿಟ್ಟು. ಸೇರುವವನ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹಳೆಯ ಚೀಟಿ ತೋರಿಸಿ ಯಾರೋ ನುಗ್ಗುತ್ತಿದ್ದಾರೆ ಎಂಬ ಅನುಮಾನ ಅದಕ್ಕೆ. ಪೆಟ್ಟಿಗೆ ಇಂಟರ್‌ನೆಟ್ಟಿನಿಂದ ಸರಿಯಾದ ಸಮಯ ತೆಗೆದುಕೊಂಡು ಕೂತಿತ್ತು. ಸರ್ವರ್ ಹತ್ತು ನಿಮಿಷ ಮುಂದೆ ಇತ್ತು.

ಮೂರನೆಯ ಸಾಲಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಯಜಮಾನರೂ ಅಳತೆಗೆ ಹೋಗುವ ಇಬ್ಬರೂ ಊಟಕ್ಕೆ ಬಂದು ನಿಂತಿದ್ದರು. ಅವರ ಎದುರಿಗೇ, ‘ಈ ಸರ್ವರಿಗೆ ಟೈಮ್ ಇಟ್ಟ ಪುಣ್ಯಾತ್ಮರು ಯಾರ್ರೀ?’ ಎಂದೆ.

‘ನಾನೇ ಅಣ್ಣಾ’ ಎಂದಳು ಆಕೆ. ‘ಕರೆಂಟ್ ಹೋಗಿ ಬಂದಾಗೆಲ್ಲ ಅದರ ಟೈಮ್ ಕೆಟ್ಟೋಗ್ತೈತೆ. ಗೋಡೆ ಗಡಿಯಾರ ನೋಡಿ ಇಡ್ತೀನಿ.’

‘ಗೋಡೇದು ಹತ್ತು ನಿಮಿಷ ಮುಂದೈತೆ ಅಂತ ಕಾಣಲ್ವಾ?’

‘ಅದು ಮೊದ್ಲಿಂದಾನೂ ಹಂಗೇ. ಆಫೀಸಿಂದೆಲ್ಲ ಗೋಡೆ ಗಡಿಯಾರದ ಪ್ರಕಾರಾನೇ ಅಂತ ಸಾರೇ ಹೇಳಿದ್ರು.’

ನಿಜವೇ ಆಗಿತ್ತು. ಅಳತೆಗೆ ಹೋಗುವವರು ಹಳ್ಳಿಯ ಬಸ್ಸು ತಪ್ಪಿಸಿಕೊಳ್ಳಬಾರದೆಂದು ಕಚೇರಿ ಶುರುವಾದಾಗಲೇ ಯಜಮಾನರು ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೆ ಇಡುತ್ತಾರೆ, ನಮ್ಮ ಮನೆಯಲ್ಲೂ ಇತ್ತು. ಅದು ಗೊತ್ತಿದ್ದೂ ನಾನು ಬಾಯಿ ಬಿಗಿಹಿಡಿಯಲಿಲ್ಲ. ಓದುಬರಹ ಬಲ್ಲವರು ಹೀಗೆ ಮಾಡಿದರೆ ಹೇಗೆ, ನನ್ನ ಮೂರು ತಾಸು ಹಾಳಾಯಿತು ಎಂದು ಒಂದು ಭಾಷಣ ಬಿಗಿದೆ. ಅಳತೆಯವರು ನಕ್ಕರು. ಆಕೆ ತಲೆ ಬಗ್ಗಿಸಿ ಬುತ್ತಿಯ ಮುಚ್ಚಳ ತೆಗೆದಳು.

ಊಟವಾದ ಮೇಲೆ ಪಕ್ಕದ ವಾಚ್ ಅಂಗಡಿಯಿಂದ ನಾಣ್ಯದಷ್ಟು ಗಾತ್ರದ ಸೆಲ್ ತಂದು, ಕರೆಂಟ್ ಹೋದರೂ ಸಮಯ ಕೆಡದಂತೆ ಸರ್ವರಿಗೆ ಹಾಕಿದೆ. ಸಮಯ ಸರಿಮಾಡಿ, ಇನ್ನು ಮುಂದೆ ಇಂಟರ್‌ನೆಟ್ ನೋಡಿಯೇ ನಡೆಯುವಂತೆ ಮಾಡಿದೆ. ಪೆಟ್ಟಿಗೆ ಒಂದೇ ಸಲಕ್ಕೆ ಡೊಮೈನಿಗೆ ಸೇರಿತು. ಜಗಳೂರು ಶಾಖೆಗೆ ಫೋನು ಮಾಡಿ ಒಂದು ನಕ್ಷೆ ತೆಗೆಯಲು ಹೇಳಿದೆ, ಅಲ್ಲೂ ತೆರೆಯಿತು. ಯಜಮಾನರ ಸಂತೋಷ ಹೇಳತೀರದು. ಆ ಖುಷಿಯಲ್ಲಿ ಗೋಡೆ ಗಡಿಯಾರವನ್ನೂ ಇಳಿಸಿ ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದರು.

‘ಗೋಡೇದು ಹಂಗೇ ಇರ್ಲಿ ಸಾರ್’ ಎಂದು ಆಕೆ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು.

‘ತಪ್ಪು ಟೈಮ್ ಯಾಕೆ ಇಟ್ಕಬೇಕು?’ ಎಂದರು ಯಜಮಾನರು. ಹೌದು ಹೌದು ಎಂದು ತಲೆಯಾಡಿಸಿದವನು ನಾನೇ.

ಆ ಕಚೇರಿಯಲ್ಲಿ ಬೆರಳಿಟ್ಟು ಹಾಜರಿ ಹಾಕುವ ಮಿಷನ್ ಇದೆ. ಅದೂ ಸಮಯವನ್ನು ಸರ್ವರಿನಿಂದಲೇ ತೆಗೆದುಕೊಳ್ಳುತ್ತದೆ. ಐದೂವರೆಗೆ ಮೊದಲು ಬೆರಳಿಟ್ಟರೆ ಕೆಂಪು ದೀಪ. ಸಂಜೆ ನಾನು ಚೀಲ ಕಟ್ಟುತ್ತಿದ್ದಾಗ ಆಕೆ ಮಿಷನ್ನಿನ ಮುಂದೆ ಬ್ಯಾಗ್ ಹಿಡಿದು ನಿಂತಿದ್ದಳು. ಬೆರಳಿಟ್ಟಳು, ಕೆಂಪು. ಸಮಯ ಐದು ಇಪ್ಪತ್ತು. ಅಲ್ಲೇ ನಿಂತಳು. ನಾನು ಸುಮ್ಮನಿರಬಹುದಿತ್ತು. ‘ಇವತ್ತು ಟೈಮ್ ನಿಧಾನ ಆಗೈತೇನ್ರಿ ಮೇಡಂ?’ ಎಂದು ತಮಾಷೆ ಮಾಡಿದೆ. ಐದೂವರೆಗೆ ಹಸಿರು ದೀಪ ಹತ್ತಿದ ಕೂಡಲೇ ಮೆಟ್ಟಿಲಿಳಿದು ಓಡಿದಳು.

ನಾನು ಬಸ್‌ಸ್ಟ್ಯಾಂಡಿಗೆ ಬಂದಾಗ ಆಕೆ ಕಲ್ಲುಬೆಂಚಿನ ಮೇಲೆ ಕೂತು ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ‘ನನ್ನ ಹಳೇ ಹಸಿರು ಸೀರೆ ಹೊದ್ಕಳ್ರಿ. ಮಾತಾಡಬ್ಯಾಡ್ರಿ, ದನಿ ಗುರ್ತು ಹಿಡಿತೈತೆ. ಮೊದ್ಲು ಕರು ಬಿಡ್ರಿ, ಆಮೇಲೆ ಕೆಚ್ಚಲು ಸವರ್ರಿ. ಒದೆಯಾಕೆ ಬಂದ್ರೆ ಬಿಟ್ಟು ಎದ್ದು ಬಿಡ್ರಿ.’

ಸೀರೆ ಹೊದ್ದು ಎಮ್ಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ ಗಂಡಸನ್ನು ನೆನೆದು ನನಗೆ ನಗು ಬಂತು. ಆಕೆ ಫೋನಿಟ್ಟು ನನ್ನನ್ನು ನೋಡಿದಾಗ ನಗು ಅಲ್ಲೇ ನಿಂತಿತು.

‘ಬಸ್ಸು?’ ಎಂದೆ.

‘ಐದು ಇಪ್ಪತ್ತೈದಕ್ಕೆ ಹೋತು. ಮೊದ್ಲು ಐದು ಮೂವತ್ತೈದಕ್ಕಿತ್ತು, ಹೋದ ವರ್ಷ ಹತ್ತು ನಿಮಿಷ ಮೊದ್ಲೇ ಬಿಡಾಂಗೆ ಮಾಡಿದ್ರು. ಇನ್ನು ಏಳು ಗಂಟೆಗೆ.’ ಆಮೇಲೆ ತಾನಾಗಿಯೇ ಹೇಳಿದಳು. ‘ಎಮ್ಮೆ ಹೊಸದಾಗಿ ಈದೈತೆ. ನನ್ನ ಕೈ ಬಿಟ್ರೆ ಯಾರಿಗೂ ಹಾಲು ಸೊರೆಯಲ್ಲ. ಹಾಲು ಕೆಚ್ಚಲಲ್ಲೇ ಉಳಿದ್ರೆ ಬಾವು ಬರ್ತೈತೆ. ದಿನಾ ಹಿಂಗಾದ್ರೆ ಕೆಲ್ಸ ಬಿಡು ಅಂತಾರೆ ಮನೇಲಿ. ಅವರು ಹೇಳಾದೂ ತಪ್ಪಲ್ಲ.’

‘ಅಲ್ಲಮ್ಮಾ, ಮಧ್ಯಾಹ್ನಾನೇ ಹೇಳಬಾರದಿತ್ತಾ?’ ನನಗೆ ತಪ್ಪು ಮಾಡಿದಾಗಲೂ ಮೊದಲು ಬರುವುದು ಸಿಟ್ಟೇ.

‘ಎಮ್ಮೆ ಸಲುವಾಗಿ ಆಫೀಸ್ ಟೈಮ್ ಬದಲು ಮಾಡ್ರಿ ಅಂತ ಹೆಂಗೆ ಕೇಳಾದು ಅಣ್ಣಾ? ಅದೂ ನೀವು ಅಷ್ಟೆಲ್ಲ ಅಂದ ಮೇಲೆ.’

ನನಗೆ ಬಹಳ ನಾಚಿಕೆಯಾಯಿತು. ಮೂರನೆಯ ಸಾಲು ಓದದೆ ಮೂರು ತಾಸು ಕಳೆದವನು ನಾನು, ಅದನ್ನು ನಾಲ್ಕು ಜನರೆದುರು ಈಕೆಯ ತಲೆಗೆ ಕಟ್ಟಿದ್ದೆ. ಬೆಳಿಗ್ಗೆಯಿಂದ ಮೇಡಂ ಮೇಡಂ ಎಂದು ಚುಚ್ಚಿದ ಬಾಯಲ್ಲಿ ‘ತಪ್ಪು ನಂದೇ ತಂಗೀ’ ಎಂದು ಬಂತು. ಪರದೆಯ ಮೇಲೆ ಗಡಿಯಾರದ ವಿಷಯ ಬೆಳಿಗ್ಗೆಯೇ ಬಂದಿತ್ತೆಂದು ಅಲ್ಲಿಯೇ ಒಪ್ಪಿಕೊಂಡೆ. ಆಕೆ ಅಚ್ಚರಿಪಡಲಿಲ್ಲ. ‘ಹೋಗ್ಲಿ ಬಿಡ್ರಿ, ಪೆಟ್ಟಿಗೆ ಸೇರ್ತಲ್ಲ’ ಎಂದಳು.

ನಾನು ಊರಿಗೆ ಹೋಗಲು ಹತ್ತಬೇಕಿದ್ದ ದಾವಣಗೆರೆ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಕಚೇರಿಗೆ ವಾಪಸು ನಡೆದೆ. ಯಜಮಾನರು ಒಬ್ಬರೇ ಕೂತು ಹೊಸ ಪೆಟ್ಟಿಗೆಯ ನೀಲಿ ದೀಪ ನೋಡುತ್ತಿದ್ದರು. ಮೂರನೆಯ ಸಾಲಿನಿಂದ ಎಮ್ಮೆಯ ತನಕ ಎಲ್ಲ ಹೇಳಿದೆ.

‘ಪಾಪ. ಆದ್ರೆ ಟೈಮಂದ್ರೆ ಟೈಮು’ ಎಂದರು. ‘ಹತ್ತರಿಂದ ಐದೂವರೆ ಅಂತ ಬೋರ್ಡ್ ಬರೆಸೀನಿ. ಇವತ್ತು ಒಬ್ಬರಿಗೆ ಬಿಟ್ರೆ ನಾಳೆ ಇನ್ನೊಬ್ಬರು.’

‘ಸಾರ್, ಇವತ್ತು ಬೆಳಿಗ್ಗೆ ಕೆಲಸ ಶುರುವಾಗಿದ್ದು ಎಷ್ಟೊತ್ತಿಗೆ?’

‘ಹತ್ತಕ್ಕೆ.’

‘ಗೋಡೆ ಹತ್ತಕ್ಕೆ. ಅಂದ್ರೆ ಒಂಬತ್ತು ಐವತ್ತಕ್ಕೆ. ಇಷ್ಟು ವರ್ಷ ನೀವು ಹತ್ತು ನಿಮಿಷ ಮೊದ್ಲೇ ಬಾಗಿಲು ತೆಗೆದು ಹತ್ತು ನಿಮಿಷ ಮೊದ್ಲೇ ಮುಚ್ಚೀರಿ. ಹಂಗೆ ನೋಡಿದ್ರೆ ಇವತ್ತು ಸಂಜೆ ಹತ್ತು ನಿಮಿಷ ಹೆಚ್ಚಿಗೆ ದುಡಿಸ್ಕಂಡೀರಿ. ಆ ಹತ್ತು ನಿಮಿಷದಾಗೇ ಆ ತಂಗಿ ಬಸ್ಸು ಹೋಗಿದ್ದು.’

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಅಳತೆಯ ಮನುಷ್ಯ, ಲೆಕ್ಕ ತಪ್ಪಿದ್ದು ಕಂಡರೆ ಒಪ್ಪದೆ ಇರುವವರಲ್ಲ. ‘ಆ ಸ್ಟೂಲ್ ಹಿಡ್ಕಳ್ರಿ’ ಎಂದರು. ನಾನು ಹತ್ತುತ್ತೇನೆಂದರೂ ಕೇಳದೆ ತಾವೇ ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದರು. ಇಳಿದು ಬಂದು, ‘ನಿಮ್ಮ ಪೆಟ್ಟಿಗೆ ಅದರ ಟೈಮಲ್ಲಿರ್ಲಿ. ನಾವು ನಮ್ಮ ಟೈಮಲ್ಲಿರ್ತೀವಿ. ಆಗ್ತೈತಾ?’ ಎಂದು ಕೇಳಿದರು.

ಆಗುತ್ತದೆ. ಹಾಜರಿ ಮಿಷನ್ನನ್ನು ಸರ್ವರಿನ ಸಮಯದಿಂದ ಬಿಡಿಸಿ ಗೋಡೆ ಗಡಿಯಾರ ನೋಡಿ ಕೈಯಿಂದ ಸಮಯ ಇಟ್ಟೆ. ಇಪ್ಪತ್ತು ವರ್ಷದಲ್ಲಿ ಬೇಕೆಂದೇ ಒಂದು ಯಂತ್ರಕ್ಕೆ ತಪ್ಪು ಸಮಯ ಇಟ್ಟದ್ದು ಅದೊಂದೇ ಸಲ. ಆಮೇಲೆ ಆಕೆಗೆ ಯಜಮಾನರೇ ಫೋನು ಮಾಡಿ, ನಾಳೆಯಿಂದ ಮೊದಲಿನಂತೆಯೇ ಎಂದರು. ಕಾರಣ ಹೇಳಲಿಲ್ಲ, ಆಕೆಯೂ ಕೇಳಲಿಲ್ಲವಂತೆ.

ಚನ್ನಗಿರಿ ಮತ್ತು ನ್ಯಾಮತಿ ಶಾಖೆಗಳನ್ನೂ ಜೋಡಿಸಿ ಮುಗಿಸಲು ಎರಡು ವಾರ ಹಿಡಿಯಿತು. ಎರಡೂ ಕಡೆ ಪೆಟ್ಟಿಗೆಯ ಕೆಲಸಕ್ಕಿಂತ ಮೊದಲು ಗೋಡೆ ನೋಡಿದೆ, ಆಮೇಲೆ ಯಾರು ಯಾವ ಬಸ್ಸಿಗೆ ಹೋಗುತ್ತೀರಿ ಎಂದು ಕೇಳಿದೆ. ಕಂಪ್ಯೂಟರಿನವನಿಗೆ ಇದೆಲ್ಲ ಯಾಕೆ ಎಂದು ನ್ಯಾಮತಿಯವರು ಮುಖ ಮುಖ ನೋಡಿಕೊಂಡರು.

ಕೊನೆಗೊಮ್ಮೆ ಎಲ್ಲ ಸರಿಯಿದೆಯೇ ಎಂದು ನೋಡಲು ಹೊನ್ನಾಳಿಗೆ ಹೋದೆ. ಎಮ್ಮೆ ಹೇಗಿದೆ ಎಂದು ಕೇಳಿದೆ. ‘ಆವತ್ತು ನಮ್ಮನೇರನ್ನ ಸೀರೆ ಸಮೇತ ಒದ್ದಿತ್ತು’ ಎಂದಳು. ‘ಈಗ ಚೆನ್ನಾಗೈತೆ.’

ಸಂಜೆ ಆಕೆ ಬ್ಯಾಗ್ ತೆಗೆದುಕೊಂಡು ಮಿಷನ್ನಿಗೆ ಬೆರಳಿಟ್ಟಳು. ಮಿಷನ್ನಿನಲ್ಲಿ ಐದೂವರೆ, ಹಸಿರು ದೀಪ. ನನ್ನ ಮೊಬೈಲಿನಲ್ಲಿ ಐದು ಇಪ್ಪತ್ತು. ಆಕೆಯ ಬಸ್ಸಿಗೆ ಇನ್ನು ಐದೇ ನಿಮಿಷವೆಂದು ನಾನು ಗಡಬಡಿಸಿ ವೈರುಗಳನ್ನು ಚೀಲಕ್ಕೆ ತುರುಕುತ್ತಿದ್ದೆ. ಬಸ್ಸು ನನ್ನದಲ್ಲ, ಗಡಿಬಿಡಿ ಮಾತ್ರ ನನ್ನದು. ಆಕೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ನೋಡಿದಳು.

‘ನಿಧಾನಕ್ಕೆ ಬರ್ರಿ ಅಣ್ಣಾ’ ಎಂದಳು. ‘ಇನ್ನೂ ಟೈಮೈತೆ.’

ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ನಡೆದುಕೊಂಡೇ ಹೋದೆವು.