ಪುಟ್ಟಬಸಪ್ಪನ ರಕ್ತ, ಚಿಕ್ಕಮಾದಮ್ಮನ ಉಪವಾಸ

ಹನೂರಿನ ಮಿಲ್ಲು ಪುಟ್ಟಬಸಪ್ಪ ಹುಟ್ಟಿದಾರಭ್ಯ ಒಂದೇ ಒಂದು ಹೊತ್ತು ಉಪವಾಸವಿದ್ದವನಲ್ಲ. ಹಾಗಂತ ಅವನ ಮನೆಯಲ್ಲಿ ಉಪವಾಸಕ್ಕೆ ಬರಗಾಲವಿತ್ತು ಎಂದುಕೊಳ್ಳಬೇಡಿ. ಸೋಮವಾರ, ಅಮಾವಾಸ್ಯೆ, ಶಿವರಾತ್ರಿ ಯಾವುದನ್ನೂ ಬಿಟ್ಟ ಮನೆಯಲ್ಲ ಅದು. ಅಷ್ಟೂ ಉಪವಾಸ ಮಾಡುತ್ತಿದ್ದವಳು ಅವನ ಹೆಂಡತಿ ಚಿಕ್ಕಮಾದಮ್ಮ. ಗಂಡನ ಆಯಸ್ಸು ಗಟ್ಟಿಯಾಗಲಿ ಎಂದು ಮಾದಪ್ಪನಿಗೆ ಕೈಮುಗಿದು ಅವಳು ಬರೀ ನೀರು ಕುಡಿದುಕೊಂಡಿರುವುದು, ಅದೇ ದಿನ ಗಂಡನಿಗೆ ಎಲೆ ತುಂಬ ಬಡಿಸುವುದು. ಗಂಡನ ಹೊಟ್ಟೆ ತಣ್ಣಗಾಗದಿದ್ದರೆ ವ್ರತ ಕೆಟ್ಟಿತು ಎಂಬುದು ಅವಳ ತವರಿನ ಕಟ್ಟಳೆ. ಕಜ್ಜಾಯವೋ ಪಾಯಸವೋ ಒಂದು ಸಿಹಿ ಆಗಲೇಬೇಕು, ಅದರ ಮೇಲೆ ಧಾರಾಳವಾಗಿ ತುಪ್ಪ. ಎಂಬತ್ತೊಂದನೇ ಇಸವಿಯಲ್ಲಿ ಮದುವೆಯಾದಾಗಿನಿಂದ ಹೀಗೇ ನಡೆದುಬಂದಿತ್ತು. ಪುಟ್ಟಬಸಪ್ಪ ಈ ಏರ್ಪಾಡಿಗೆ ಒಂದು ದಿನವೂ ತಕರಾರು ಎತ್ತಿರಲಿಲ್ಲ. ಯಾಕೆ ಎತ್ತುತ್ತಾನೆ, ಪುಣ್ಯಾತ್ಮ!

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನ ಹಿಟ್ಟಿನ ಮಿಲ್ಲು. ಬೆಳಗಿನಿಂದ ಸಂಜೆವರೆಗೆ ಮೆಷಿನ್ನಿನ ಗದ್ದಲದ ಮೇಲೆ ಕಿರುಚಿ ಕಿರುಚಿ ಅವನಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ಮನೆಯಲ್ಲಿ "ಉಪ್ಪು ಕೊಡಮ್ಮಿ" ಎಂದರೆ ಪಕ್ಕದ ಮನೆಯವರು ಜಗಳವೇನೋ ಎಂದು ಎದ್ದು ಬರುತ್ತಿದ್ದರು. ಮೈತುಂಬ, ಮೀಸೆ ತುಂಬ, ರೆಪ್ಪೆ ತುಂಬ ರಾಗಿ ಹಿಟ್ಟು. ಹಾಗಾಗಿ ಎರಡು ಸಾವಿರದ ಒಂದರಲ್ಲಿ ಅವನ ಮೂಗಿನಿಂದ ರಕ್ತ ಸೋರತೊಡಗಿದಾಗ ಊರಿಗೆ ಊರೇ ಹಿಟ್ಟಿನ ಮೇಲೆ ತಪ್ಪು ಹೊರಿಸಿತು.

"ದಿನಾ ಅಷ್ಟೊಂದು ಹಿಟ್ಟು ಎಳ್ಕಂಡ್ರೆ ಮೂಗು ಏನ್ ಮಾಡಾತು ಬಸಪ್ಪಣ್ಣ? ಬಟ್ಟೆ ಕಟ್ಕಳಾ" ಎಂದ ಎದುರಿನ ಹೋಟೆಲಿನ ಮಾದಸ್ವಾಮಿ. ಬಟ್ಟೆ ಕಟ್ಟಿಕೊಂಡದ್ದಾಯಿತು. ಕಾಲಿನ ಮೇಲೆ ಕೆಂಪು ಗುಳ್ಳೆ ಎದ್ದವು. ತಿಗಣೆ ಎಂದುಕೊಂಡು ಮಂಚವನ್ನು ಬಿಸಿಲಿಗೆ ಹಾಕಿದ್ದೂ ಆಯಿತು. ಕೊನೆಗೊಂದು ದಿನ ಕೆಮ್ಮಿದಾಗ ಅಂಗೈಯಲ್ಲಿ ರಕ್ತ ಕಂಡಿತು. ಚಿಕ್ಕಮಾದಮ್ಮ ಆಗಿಂದಾಗಲೇ ಮಿಲ್ಲಿನ ಸ್ವಿಚ್ ಆರಿಸಿ, ಬೀಗ ಹಾಕಿ, ಗಂಡನನ್ನು ಮೈಸೂರಿನ ಬಸ್ಸು ಹತ್ತಿಸಿದಳು.

ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಅವನನ್ನು ನೋಡಿದವರು ಪದ್ಮಿನಿ ಎಂಬ ಡಾಕ್ಟರು. ಸಮಾಧಾನಸ್ಥೆ. ಹಳ್ಳಿಯವರಿಗೆ ಬಿಡಿಸಿ ಹೇಳುವ ತಾಳ್ಮೆ ಇದ್ದವರು.

"ಮೈ ಕಾಯೋಕೆ ಅಂತ ರಕ್ತದಲ್ಲಿ ಒಂದು ಪಡೆ ಇರುತ್ತೆ. ನಿಮ್ಮಲ್ಲಿ ಅದು ದಾರಿ ತಪ್ಪಿ ನಿಮ್ಮ ರಕ್ತನಾಳಗಳ ಮೇಲೇ ಬಿದ್ದಿದೆ. ವ್ಯಾಸ್ಕುಲೈಟಿಸ್ ಅಂತಾರೆ ಇದಕ್ಕೆ."

"ನಮ್ಮೋರೇ ನಮ್ ಮ್ಯಾಲೆ ಬಿದ್ದವ್ರಾ ಅಮ್ಮಾರೆ?" ಎಂದು ಪುಟ್ಟಬಸಪ್ಪ ವಾರ್ಡಿಗೆಲ್ಲ ಕೇಳುವಂತೆ ಕಿರುಚಿ, ಹೆಂಡತಿಯ ಕಡೆ ತಿರುಗಿದ. "ನಿಮ್ಮಣ್ಣದೀರ ಬುದ್ಧಿ ನನ್ ರಕ್ತಕ್ಕೂ ಬಂದದೆ ನೋಡು."

"ರಕ್ತ ನಿಮ್ದು. ಬುದ್ಧಿನೂ ನಿಮ್ದೇಯ" ಎಂದಳು ಚಿಕ್ಕಮಾದಮ್ಮ.

ಮಾತ್ರೆ ಕೊಟ್ಟರು. ಬೆಳಿಗ್ಗೆ ತಿಂಡಿ ತಿಂದ ಮೇಲೆಯೇ ನುಂಗಬೇಕು, ಯಾವ ಕಾರಣಕ್ಕೂ ಬರೀ ಹೊಟ್ಟೆಯಲ್ಲಿ ಕೂಡದು ಎಂದು ನರ್ಸಮ್ಮ ಬೆರಳು ಆಡಿಸಿ ಹೇಳಿದಳು. ಇಷ್ಟು ಹಿತವಾದ ಪಥ್ಯವನ್ನು ಪುಟ್ಟಬಸಪ್ಪ ಕೇಳಿಯೇ ಇರಲಿಲ್ಲ. ತಲೆಬಾಗಿ ಪಾಲಿಸಿದ.

ಕೆಲವು ತಿಂಗಳಲ್ಲಿ ರಕ್ತ ನಿಂತಿತು, ಕೆಮ್ಮು ನಿಂತಿತು. ಆದರೆ ಆ ಮಾತ್ರೆಯ ಗುಣವೇ ಬೇರೆ. ಹೊಟ್ಟೆಗೆ ಯಾವಾಗಲೂ ಹಸಿವು, ಕೆನ್ನೆ ಎರಡೂ ಬನ್ನಿನ ಹಾಗೆ ಉಬ್ಬಿ ಮುಖ ದುಂಡಗಾಯಿತು. ಹನೂರಿನವರಿಗೆ ಇದು ಬಹಳ ಹಿಡಿಸಿತು. "ಮಕದಲ್ಲಿ ಏನ್ ಕಳೆ ಬಂದುಬುಡ್ತು ಬಸಪ್ಪಣ್ಣ! ಕಾಯ್ಲೆ ಬಂದ್ರೆ ಇಂಥದ್ದು ಬರ್ಬೇಕು" ಎಂದು ಮಾದಸ್ವಾಮಿ ತಾನೇ ಕೈಯಾರೆ ಎರಡು ವಡೆ ತಂದಿಟ್ಟ.

ಪದ್ಮಿನಿ ಡಾಕ್ಟರಿಗೆ ಮಾತ್ರ ಆ ಕಳೆ ಹಿಡಿಸಲಿಲ್ಲ. "ಕಾಯಿಲೆ ಹತೋಟಿಗೆ ಬಂತು, ಸಂತೋಷ. ಆದರೆ ಈ ಕಾಯಿಲೆ ಇರೋರಲ್ಲಿ ಎಷ್ಟೋ ಜನ ಆಮೇಲೆ ಹೃದಯ ಕೈಕೊಟ್ಟು ಹೋಗಿಬಿಡ್ತಾರೆ. ಯಾರಿಗೆ ಅಪಾಯ ಜಾಸ್ತಿ ಅನ್ನೋ ಸುಳಿವು ರಕ್ತದ ಸಕ್ಕರೆ, ಕೊಬ್ಬಿನಲ್ಲಿ ಸಿಗುತ್ತೆ. ಮುಂದಿನ ಸಲ ರಾತ್ರಿಯಿಂದ ಉಪವಾಸ ಇದ್ದು ಬನ್ನಿ, ನೋಡೋಣ" ಎಂದರು.

ಉಪವಾಸ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪುಟ್ಟಬಸಪ್ಪ ಹೆಂಡತಿಯ ಮುಖ ನೋಡಿದ. ಚಿಕ್ಕಮಾದಮ್ಮ "ಆಯ್ತು ಅಮ್ಮಾರೆ" ಎಂದು ತಲೆಯಾಡಿಸಿದಳು. ಮುಗಿಯಿತು! ತಿಂದು ಮಾತ್ರೆ ನುಂಗುವುದು ಗಂಡನ ಪಾಲು, ಉಪವಾಸ ಹೆಂಡತಿಯ ಪಾಲು. ಇಪ್ಪತ್ತು ವರ್ಷದಿಂದ ಆ ಮನೆ ನಡೆದದ್ದೇ ಹಾಗೆ. ಆಸ್ಪತ್ರೆಗೂ ಈ ಪದ್ಧತಿ ಗೊತ್ತಿದೆಯಲ್ಲ ಎಂದು ಇಬ್ಬರಿಗೂ ಡಾಕ್ಟರ ಮೇಲೆ ಇನ್ನಷ್ಟು ಗೌರವ ಹುಟ್ಟಿತು.

ಮೊದಲ ಪರೀಕ್ಷೆಯ ಹಿಂದಿನ ರಾತ್ರಿ ಚಿಕ್ಕಮಾದಮ್ಮ ಮುದ್ದೆ ಬಿಟ್ಟಳು. ಗಂಡನಿಗೆ ಪಾಯಸ ಮಾಡಿ ಹಾಕಿದಳು. ಬೆಳಿಗ್ಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಅವನು ಇಡ್ಲಿ ವಡೆ ಹೊಡೆದು ಮಾತ್ರೆ ನುಂಗಿ, ಮೈಸೂರಿಗೆ ಹೋಗಿ ತೋಳು ಚಾಚಿದ. "ಉಪವಾಸ ತಾನೆ?" ಎಂದು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೇ "ಊ" ಎಂದರು. ಸಕ್ಕರೆ, ಕೊಬ್ಬು ಎರಡೂ ಮೇಲೆ ಹೋಗಿದ್ದವು. ಡಾಕ್ಟರ ಹುಬ್ಬು ಗಂಟಾಯಿತು.

 ನನ್ನ ಉಪವಾಸದಲ್ಲೇ ಏನೋ ಲೋಪವಾಗಿದೆ ಎಂದುಕೊಂಡಳು ಚಿಕ್ಕಮಾದಮ್ಮ. ಎರಡನೆಯ ಸಲಕ್ಕೆ ನೀರನ್ನೂ ಬಿಟ್ಟಳು, ಗಂಡನಿಗೆ ಒಬ್ಬಟ್ಟು ಮಾಡಿದಳು. ಕೊಬ್ಬು ಇನ್ನೂ ಏರಿತು. ಮೂರನೆಯ ಸಲ ಹಿಂದಿನ ದಿನ ಮಧ್ಯಾಹ್ನದಿಂದಲೇ ಬಾಯಿಗೆ ಏನೂ ಹಾಕಲಿಲ್ಲ, ಎಳ್ಳು ಬೆಲ್ಲದ ಕಜ್ಜಾಯ ಕರಿದು ತುಪ್ಪದಲ್ಲಿ ಮುಳುಗಿಸಿ ಗಂಡನ ಮುಂದಿಟ್ಟಳು. ಸಾವಿನ ಹೆದರಿಕೆಗೆ ಪುಟ್ಟಬಸಪ್ಪನೂ ಎರಡು ಹೆಚ್ಚಿಗೆ ತಿಂದ. ಅವಳ ವ್ರತ ಬಿಗಿಯಾದಷ್ಟೂ ಅವನ ರಕ್ತ ಕೆಡುತ್ತಾ ಹೋಯಿತು. ಇದಕ್ಕೇನು ಹೇಳುತ್ತೀರಿ?

ಡಾಕ್ಟರು ಆ ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಕ್ಕಟ್ಟಿಗೆ ಸಿಕ್ಕಿಕೊಂಡಿದ್ದೀವಿ ಪುಟ್ಟಬಸಪ್ಪನೋರೇ. ಹೀಗೇ ಹೋದರೆ ನಿಮ್ಮ ಹೃದಯದ ಬಗ್ಗೆ ನನಗೆ ಧೈರ್ಯ ಇಲ್ಲ. ಸಕ್ಕರೆ, ಕೊಬ್ಬು ಏರಿಸ್ತಿರೋದು ಈ ಮಾತ್ರೇನೇ ಇರಬೇಕು. ಅದನ್ನ ದಿಢೀರಂತ ಇಳಿಸಿದರೆ ಕಾಯಿಲೆ ಎದ್ದು ಕೂತರೂ ಕೂತೀತು. ಆದರೂ ಇಳಿಸಲೇಬೇಕೇನೋ."

ಪುಟ್ಟಬಸಪ್ಪ ಜೀವಮಾನದಲ್ಲಿ ಮೊದಲ ಸಲ ಮೆತ್ತಗೆ ಮಾತಾಡಿದ. "ಅಂಗಾರೆ ನಾನು ಬದುಕಾಕಿಲ್ವಾ ಅಮ್ಮಾರೆ?"

ಡಾಕ್ಟರು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿ ದಬ್ಬೆಂದಿತು. ಚಿಕ್ಕಮಾದಮ್ಮ ನೆಲಕ್ಕೆ ಬಿದ್ದಿದ್ದಳು.

ಎತ್ತಿ ಮಲಗಿಸಿ, ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳ ಸೇರಿತ್ತು. ಗ್ಲೂಕೋಸ್ ಕುಡಿಸಿದ ಮೇಲೆ ಕಣ್ಣು ಬಿಟ್ಟಳು.

"ಏನಮ್ಮಾ, ಯಾವಾಗ ಊಟ ಮಾಡಿದ್ದು ನೀವು?"

"ಊಟ ಎಲ್ಲಿ ಬಂತು ಅಮ್ಮಾರೆ? ಉಪಾಸ ಇದ್ದು ಬನ್ನಿ ಅಂದೋರು ನೀವೇಯ."

"ನಿಮಗಲ್ಲಮ್ಮಾ, ಅವರಿಗೆ!"

"ನಂಗಾ?" ಎಂದ ಪುಟ್ಟಬಸಪ್ಪ. ಸೀರೆ ಉಟ್ಟುಕೊಂಡು ಬಾ ಎಂದಿದ್ದರೂ ಅವನು ಅಷ್ಟು ಬೆಚ್ಚುತ್ತಿರಲಿಲ್ಲ.

"ಬೆಳಿಗ್ಗೆ ಏನು ತಿಂದ್ರಿ ನೀವು?"

ಅವನು ಪ್ರಾಮಾಣಿಕ. ರಾತ್ರಿಯ ಕಜ್ಜಾಯದಿಂದ ಹಿಡಿದು ಬೆಳಗಿನ ಸೆಟ್ ದೋಸೆವರೆಗೆ ಒಂದೂ ಬಿಡದೆ ಒಪ್ಪಿಸಿದ. ನರ್ಸಮ್ಮ ಗೋಡೆಗೆ ಮುಖ ತಿರುಗಿಸಿಕೊಂಡು ಕುಲುಕುಲು ನಕ್ಕಳು. ಪದ್ಮಿನಿ ಡಾಕ್ಟರಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ತಿಂದು ಬಂದವನ ರಕ್ತ ನೋಡಿ ಮಾತ್ರೆ ಇಳಿಸಲು ಹೊರಟಿದ್ದೆನಲ್ಲ ಎಂದು ಅವರಿಗೆ ಬೆವರೂ ಬಂತು. "ಮುಂದಿನ ವಾರ ಬನ್ನಿ. ಉಪವಾಸ ನೀವು ಇರಬೇಕು. ಮಾತ್ರೆ ರಕ್ತ ಕೊಟ್ಟಾದ ಮೇಲೆ. ನೀವಮ್ಮಾ, ತಿಂದುಕೊಂಡೇ ಬರಬೇಕು, ಗೊತ್ತಾಯ್ತಾ?" ಎಂದು ಒಬ್ಬೊಬ್ಬರಿಗೂ ಬೆರಳು ತೋರಿಸಿ ಹೇಳಿದರು.

ಆ ವಾರ ಪುಟ್ಟಬಸಪ್ಪನ ಫಜೀತಿ ಹೇಳತೀರದು. ಪರೀಕ್ಷೆಯ ದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಪಾಪದ ಮುದುಕನೊಬ್ಬನ ಮೇಲೆ "ಬಸ್ಸೇನು ನಿಮ್ಮಪ್ಪನ ಕಣವಾ?" ಎಂದು ಹರಿಹಾಯ್ದ. ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ವಡೆಯ ವಾಸನೆಗೆ ಕಣ್ಣು ಮುಚ್ಚಿಕೊಂಡ. ಮೂಗು ಮುಚ್ಚಿಕೊಳ್ಳಬೇಕಿತ್ತು ಎಂದು ಆಮೇಲೆ ಹೊಳೆಯಿತು. ನರಸೀಪುರ ದಾಟುವಷ್ಟರಲ್ಲಿ ಕೈ ನಡುಗುತ್ತಿತ್ತು.

"ನೀನು ತಿಂದ್ಯೇನಮ್ಮಿ?" ಎಂದು ಹೊಟ್ಟೆಕಿಚ್ಚಿನಿಂದ ಕೇಳಿದ.

"ತಿಂದೆ ಕಣ್ರಿ, ಸುಮ್ನೆ ಕೂತ್ಕಳಿ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ರಕ್ತ ಕೊಟ್ಟಾಯಿತು. ರಿಪೋರ್ಟು ಬರುವವರೆಗೆ ಜಾಗ ಬಿಟ್ಟು ಕದಲಲು ಹೆದರಿ ಇಬ್ಬರೂ ಬೆಂಚಿನ ಮೇಲೆ ಅಂಟಿಕೊಂಡು ಕುಳಿತರು. ಮಧ್ಯಾಹ್ನ ಡಾಕ್ಟರೇ ಬಾಗಿಲಿಗೆ ಬಂದರು. ಮುಖ ಅರಳಿತ್ತು. "ಸಕ್ಕರೆ ಸ್ವಲ್ಪ ಹೆಚ್ಚಿದೆ, ಕೊಬ್ಬು ಪರವಾಗಿಲ್ಲ. ನಾನು ಹೆದರಿದಷ್ಟು ಇಲ್ಲ ಪುಟ್ಟಬಸಪ್ಪನೋರೇ. ಮಾತ್ರೆ ನಿಧಾನವಾಗೇ ಇಳಿಸೋಣ. ಸಿಹಿ, ತುಪ್ಪ ಎರಡಕ್ಕೂ ಇವತ್ತೇ ಕೊನೆ ನಮಸ್ಕಾರ ಹೇಳಿ. ಹೋಗಿ, ಮೊದಲು ಏನಾದರೂ ತಿಂದು ಮಾತ್ರೆ ನುಂಗಿ."

ಪುಟ್ಟಬಸಪ್ಪ ಕ್ಯಾಂಟೀನಿಗೆ ನಡೆಯಲಿಲ್ಲ, ಓಡಿದ. ಎರಡು ಪ್ಲೇಟ್ ಇಡ್ಲಿ ಹೇಳಿದ. ಮೊದಲು ಬಂದ ಪ್ಲೇಟನ್ನು ಎಂದಿನಂತೆ ತನ್ನ ಕಡೆ ಎಳೆದುಕೊಂಡು ಒಂದು ತುಂಡು ಮುರಿದ. ಅಷ್ಟರಲ್ಲಿ ಎದುರಿಗೆ ನೀರಿನ ಲೋಟ ಎತ್ತುತ್ತಿದ್ದ ಚಿಕ್ಕಮಾದಮ್ಮನ ಕೈ ಕಣ್ಣಿಗೆ ಬಿತ್ತು. ಲೋಟ ಗಡಗಡ ನಡುಗಿ ನೀರು ಮೇಜಿನ ಮೇಲೆ ಚೆಲ್ಲಿತು. ಬೆಳಗಿನಿಂದ ತನ್ನ ಕೈ ಹೇಗಾಗಿತ್ತೋ ಅವಳದೂ ಹಾಗೇ ಆಗಿತ್ತು.

"ತಿಂದೆ ಅಂದ್ಯಲ್ಲಮ್ಮಿ ಬಸ್ಸಲ್ಲಿ?"

"ನೀವು ಹಸ್ಕಂಡು ಕುಂತಿರಾಗ ನನ್ ಗಂಟ್ಲಲ್ಲಿ ಎಂಗೆ ಇಳಿದಾತು?" ಎಂದಳು ಅವಳು. ಅವಳಿಗೆ ಅದು ದೊಡ್ಡ ಮಾತೇ ಆಗಿರಲಿಲ್ಲ. ಸೆರಗಿನಿಂದ ಮೇಜು ಒರೆಸುತ್ತಿದ್ದಳು.

ಪುಟ್ಟಬಸಪ್ಪನ ಕೈಯಲ್ಲಿದ್ದ ತುಂಡು ಕೈಯಲ್ಲೇ ನಿಂತಿತು. ಅವಳು ಹಸಿದು ಕುಳಿತ ಸೋಮವಾರಗಳಲ್ಲಿ, ಅಮಾವಾಸ್ಯೆಗಳಲ್ಲಿ ತನ್ನ ಗಂಟಲಲ್ಲಿ ಎಲ್ಲವೂ ಸಲೀಸಾಗಿ ಇಳಿದಿತ್ತು. ಒಂದು ದಿನವೂ ಸಿಕ್ಕಿಕೊಂಡಿರಲಿಲ್ಲ. ಅವನಿಗೆ ತುಂಬ ನಾಚಿಕೆಯಾಯಿತು. ಪ್ಲೇಟನ್ನು ಅವಳ ಮುಂದಕ್ಕೆ ತಳ್ಳಿದ.

"ನೀನು ತಿನ್ನು."

"ಅಯ್ಯೋ ಸುಮ್ಕಿರಿ. ನಿಮ್ಗಿಂತ ಮೊದ್ಲಾ? ಜನ ನೋಡ್ತಾವ್ರೆ."

"ನೋಡ್ಲಿ!" ಎಂದು ಅವನು ಮಿಲ್ಲಿನ ಗಂಟಲಿನಲ್ಲಿ ಕಿರುಚಿದ. ಕ್ಯಾಂಟೀನಿನಲ್ಲಿದ್ದವರೆಲ್ಲ ತಿರುಗಿ ನೋಡಿಯೇಬಿಟ್ಟರು. ಚಿಕ್ಕಮಾದಮ್ಮ ಗಂಡನನ್ನು ಮನಸಾರೆ ಬೈದು, ತಲೆತಗ್ಗಿಸಿ ಇಡ್ಲಿ ತಿನ್ನತೊಡಗಿದಳು. ಎರಡನೆಯ ಪ್ಲೇಟು ಬಂತು. ಅವಳದು ಮುಗಿಯುವವರೆಗೆ ಅವನು ಅದನ್ನು ಮುಟ್ಟಲಿಲ್ಲ.